ಕಾರಿನ ಗಾಜಿಗೆ ಕಲ್ಲು ಬಡಿಯಿತೇ? ರೆಸಿನ್ ಬಾಟಲಿ ಬಿಚ್ಚುವ ಮೊದಲು ಇಷ್ಟು ನೋಡಿ

ಕಲಬುರಗಿಯಿಂದ ಮಳಖೇಡ, ಸೇಡಂ ಕಡೆ ಕಾರು ಓಡಿಸುವವರಿಗೆ 'ಟಕ್' ಅನ್ನುವ ಆ ಸದ್ದು ಚೆನ್ನಾಗಿ ಗೊತ್ತು. ಮುಂದೆ ಸಿಮೆಂಟ್ ಕಾರ್ಖಾನೆಯ ಲಾರಿಯೋ, ಖಡಿ ತುಂಬಿದ ಟಿಪ್ಪರೋ ಹೋಗುತ್ತಿರುತ್ತದೆ. ಅದರ ಟೈರಿನಡಿ ಸಿಕ್ಕ ಹರಳೊಂದು ಹಾರಿ ಬಂದು ನಮ್ಮ ಮುಂದಿನ ಗಾಜಿಗೆ ಬಡಿಯುತ್ತದೆ. ಲಾರಿಯವನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಗಾಜಿನ ಮೇಲೆ ಮಾತ್ರ ತೊಗರಿಕಾಳಿನಷ್ಟು ಚುಕ್ಕೆ ಉಳಿಯುತ್ತದೆ.

ಇಷ್ಟಕ್ಕೆ ಏನು ಮಾಡೋದು, ಇರಲಿ ಬಿಡು ಅಂತ ಹೆಚ್ಚಿನವರು ಸುಮ್ಮನಾಗುತ್ತಾರೆ. ನಮ್ಮ ಭಾಗದಲ್ಲಿ ಹಾಗೆ ಬಿಡಬಾರದು. ಕಲ್ಲು ಮಾಡಿದ್ದು ಬರೀ ಚುಕ್ಕೆ. ಅದನ್ನು ಉದ್ದದ ಬಿರುಕು ಮಾಡುವುದು ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬಯಲಲ್ಲಿ ನಿಂತ ಕಾರಿನ ಗಾಜು ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ನಾವು ಒಳಗೆ ಕೂತವರೇ ಎಸಿ ಫುಲ್ ಮಾಡಿ ಗಾಜಿನ ಕಡೆ ತಿರುಗಿಸುತ್ತೇವೆ. ಗಾಜಿನ ಹೊರಮೈ ಹಿಗ್ಗಿರುತ್ತದೆ, ಒಳಮೈ ಕುಗ್ಗತೊಡಗುತ್ತದೆ. ಈ ಎಳೆದಾಟದಲ್ಲಿ ಎಲ್ಲಿ ಏಟು ಬಿದ್ದಿದೆಯೋ ಅಲ್ಲಿಂದ ಸೀಳು ಓಡುತ್ತದೆ. ಕಾದ ಗಾಜಿನ ಮೇಲೆ ಬಕೆಟ್ ನೀರು ಸುರಿದರೂ ಅದೇ ಗತಿ.

ಹಾಗಾಗಿ ಏಟು ಬಿದ್ದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಚುಕ್ಕೆಯ ಮೇಲೆ ಪಾರದರ್ಶಕ ಸೆಲ್ಲೋಟೇಪ್ ಅಂಟಿಸಿ. ದೂಳು, ನೀರು ಒಳಗೆ ಹೋಗಬಾರದು, ಅಷ್ಟೇ. ಒಳಗೆ ಕೊಳೆ ಸೇರಿದರೆ ಆಮೇಲೆ ಯಾರೇ ರಿಪೇರಿ ಮಾಡಲಿ, ಕಲೆ ಉಳಿಯುತ್ತದೆ. ಟೇಪ್ ಹಚ್ಚಿದ ಮೇಲೆ ವಾಟರ್ ವಾಶ್ ಬೇಡ, ಕಾರನ್ನು ನೆರಳಲ್ಲಿ ನಿಲ್ಲಿಸಿ, ಎಸಿ ಗಾಳಿಯನ್ನು ಕಾಲಿನ ಕಡೆ ಬಿಡಿ.

ರಿಪೇರಿ ಆಗುವ ಏಟು ಯಾವುದು?

ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿ ಮಾಡಿದ್ದು. ಇದಕ್ಕೆ ಲ್ಯಾಮಿನೇಟೆಡ್ ಗ್ಲಾಸ್ ಅನ್ನುತ್ತಾರೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆಗೆ ಮಾತ್ರ ಪೆಟ್ಟಾಗುತ್ತದೆ. ಆ ಗುಳಿಯೊಳಗೆ ಗಾಳಿ ಸೇರಿರುತ್ತದೆ, ಅದಕ್ಕೇ ಅದು ಕಣ್ಣಿಗೆ ಚುಚ್ಚುತ್ತದೆ. ಗಾಳಿ ತೆಗೆದು, ಬೆಳಕನ್ನು ಹೆಚ್ಚುಕಡಿಮೆ ಗಾಜಿನಂತೆಯೇ ಹಾಯಲು ಬಿಡುವ ರೆಸಿನ್ ಅನ್ನುವ ಅಂಟಿನಂಥ ದ್ರವ ತುಂಬಿ ಗಟ್ಟಿ ಮಾಡುವುದೇ ರಿಪೇರಿ. ಬಾಗಿಲಿನ ಗಾಜು ಬೇರೆ ಜಾತಿಯದು, ಟಫನ್ಡ್. ಹಿಂದಿನ ಗಾಜೂ ಸಾಮಾನ್ಯವಾಗಿ ಅದೇ. ಅದು ಒಡೆದರೆ ಪುಡಿಪುಡಿ ಆಗುತ್ತದೆ, ಅಲ್ಲಿ ರಿಪೇರಿ ಮಾತೇ ಇಲ್ಲ.

ಈಗ ಐದು ರೂಪಾಯಿ ನಾಣ್ಯ ತೆಗೆದು ಏಟಿನ ಮೇಲೆ ಇಡಿ. ಗುಳಿ, ಅದರ ಸುತ್ತ ಕಾಲಿನಂತೆ ಚಾಚಿದ ಸೀಳುಗಳು ಎಲ್ಲ ಸೇರಿ ಅದರಡಿ ಮುಚ್ಚಿಹೋದರೆ ಮನೆಯಲ್ಲಿ ಪ್ರಯತ್ನಿಸಬಹುದು. ಅದರಲ್ಲೂ ದುಂಡಗೆ ಗುಳಿ ಬಿದ್ದ ಏಟು ಸುಲಭ. ಜೇಡದ ಕಾಲಿನ ಹಾಗೆ ಸುತ್ತ ಸೀಳು ಬಿಟ್ಟಿದ್ದರೆ ಕಷ್ಟ, ಏಕೆಂದರೆ ಪ್ರತಿ ಕಾಲಿನ ತುದಿವರೆಗೂ ರೆಸಿನ್ ಹರಿಯಬೇಕು.

ಅಳತೆಗಿಂತ ಜಾಗ ಮುಖ್ಯ. ಏಟು ಗಾಜಿನ ಅಂಚಿಗೆ ಎರಡು ಇಂಚಿನೊಳಗೆ ಇದ್ದರೆ ಕೈ ಹಾಕಬೇಡಿ. ಅಂಚಿನಲ್ಲಿ ಗಾಜಿನ ಮೇಲೆ ಬಿಗಿತ ಜಾಸ್ತಿ, ಬಿರುಕು ಅಲ್ಲಿಂದ ಬೇಗ ಓಡುತ್ತದೆ. ಓಡಿಸುವವರ ಕಣ್ಣಿನ ನೇರಕ್ಕೆ ಇದ್ದರೂ ಬೇಡ. ಎಷ್ಟೇ ಚೆನ್ನಾಗಿ ತುಂಬಿದರೂ ಒಂದು ಮಸುಕು ಗುರುತು ಉಳಿದೇ ಉಳಿಯುತ್ತದೆ. ರಾತ್ರಿ ಎದುರು ಲಾರಿಯ ಹೆಡ್‌ಲೈಟ್ ಬಿದ್ದಾಗ ಆ ಗುರುತು ಹೊಳೆಯುತ್ತದೆ, ರಸ್ತೆ ಕಾಣುವುದಿಲ್ಲ. ಇನ್ನು ಒಳಗಿನಿಂದ ಉಗುರು ಆಡಿಸಿ ನೋಡಿ. ಒಳಗಡೆಯೂ ಸೀಳು ತಾಗಿದರೆ ಗಾಜು ಬದಲಿಸುವುದೊಂದೇ ದಾರಿ.

ಮನೆಯಲ್ಲೇ ಮಾಡುವುದಾದರೆ

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಕಿಟ್ ಸಿಗುತ್ತದೆ. ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆ, ಸಿರಿಂಜು ಇಲ್ಲವೇ ತಿರುಪಿನ ಕೊಳವೆ, ಚಿಕ್ಕ ರೆಸಿನ್ ಬಾಟಲಿ, ಪ್ಲಾಸ್ಟಿಕ್ ಹಾಳೆಯ ತುಂಡುಗಳು, ಒಂದು ಬ್ಲೇಡು. ಇಷ್ಟೇ ಸಾಮಾನು.

ಈ ರೆಸಿನ್ ಗಟ್ಟಿಯಾಗುವುದು ಬಿಸಿಲಿನ ನೇರಳಾತೀತ ಕಿರಣದಿಂದ. ಬಿಸಿಲಿಗೆ ನಮ್ಮಲ್ಲಿ ಬರಗಾಲವೇ? ಆದರೆ ತೊಂದರೆ ಇರುವುದೂ ಅಲ್ಲೇ. ಅಂಗಳದಲ್ಲಿ ನಿಂತು ಮಾಡಿದರೆ ರೆಸಿನ್ ಸೀಳಿನೊಳಗೆ ಇಳಿಯುವ ಮೊದಲೇ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬೆಳಿಗ್ಗೆ ಬೇಗ, ಗಾಜು ತಣ್ಣಗಿರುವಾಗ, ಪೂರ್ತಿ ನೆರಳಲ್ಲಿ ಶುರು ಮಾಡಿ. ಗಟ್ಟಿ ಮಾಡುವ ಹೊತ್ತಿಗೆ ಮಾತ್ರ ಕಾರನ್ನು ಬಿಸಿಲಿಗೆ ತನ್ನಿ. ಬೀದರಿನ ಡಿಸೆಂಬರ್ ಚಳಿಯಲ್ಲಿ ಇದರ ಉಲ್ಟಾ. ರೆಸಿನ್ ದಪ್ಪಗಾಗಿ ಹರಿಯುವುದಿಲ್ಲ, ಗಾಜು ಸ್ವಲ್ಪ ಬೆಚ್ಚಗಾಗುವವರೆಗೆ ಕಾಯಬೇಕು.

ಮೊದಲು ಟೇಪ್ ತೆಗೆದು, ಸೂಜಿಯ ತುದಿಯಿಂದ ಗುಳಿಯಲ್ಲಿ ಸಡಿಲವಾಗಿರುವ ಗಾಜಿನ ಪುಡಿ ಬಿಡಿಸಿ. ಕೆರೆಯಬೇಡಿ, ಉದುರುವುದು ಉದುರಲಿ. ಸುತ್ತಲಿನ ಗಾಜನ್ನು ಒಣಬಟ್ಟೆಯಿಂದ ಒರೆಸಿ. ಗುಳಿಗೆ ಸೋಪು, ಗ್ಲಾಸ್ ಕ್ಲೀನರ್ ಏನೂ ತಾಗಬಾರದು. ಮಳೆ ಬಂದಿದ್ದರೆ ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಒಳಗೆ ತೇವ ಇದ್ದರೆ ರೆಸಿನ್ ಹಿಡಿಯುವುದಿಲ್ಲ.

ಹಿಡಿಕೆಯನ್ನು ಕೊಳವೆಯ ಬಾಯಿ ಸರಿಯಾಗಿ ಗುಳಿಯ ಮೇಲೆ ಬರುವಂತೆ ಕೂರಿಸಿ. ಕಿಟ್‌ನಲ್ಲಿ ಹೇಳಿದಷ್ಟೇ ಹನಿ ಹಾಕಿ. ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಸೀಳಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಒತ್ತಿದರೆ ರೆಸಿನ್ ಒಳಗೆ ಇಳಿಯುತ್ತದೆ. ಎಳೆಯುವುದು, ಒತ್ತುವುದು, ನಡುವೆ ಕೆಲವು ನಿಮಿಷ ಕಾಯುವುದು. ತಾಳ್ಮೆ ಬೇಕಾಗುವುದು ಇಲ್ಲೇ. ಮನೆಯವರು ಯಾರಾದರೂ ಕಾರಿನೊಳಗೆ ಕೂತು ನೋಡುತ್ತಿದ್ದರೆ ಒಳ್ಳೆಯದು. ಬೆಳ್ಳಗೆ ಹೊಳೆಯುತ್ತಿದ್ದ ಕಾಲುಗಳು ಒಂದೊಂದಾಗಿ ಮಾಯವಾಗುತ್ತಾ ಬರುತ್ತವೆ. ಒಂದು ಕಾಲು ಹೊಳೆಯುತ್ತಲೇ ಇದ್ದರೆ ಅಲ್ಲಿ ಇನ್ನೂ ಗಾಳಿ ಇದೆ ಎಂದರ್ಥ. ಆಗ ಅವಸರ ಮಾಡಿ ಬಿಸಿಲಿಗೆ ಒಯ್ಯಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಮ್ಮೆ ಗಟ್ಟಿಯಾದ ರೆಸಿನ್ ಅನ್ನು ಸೀಳಿನಿಂದ ತೆಗೆಯಲು ಆಗುವುದಿಲ್ಲ. ಅರ್ಧ ತುಂಬಿದ್ದನ್ನು ಆಮೇಲೆ ಎಂಥ ಕಸುಬುದಾರನೂ ಸರಿಮಾಡಲಾರ. ಹಾಗಾಗಿ ನಾವೇ ಮಾಡೋಣ, ಆಗದಿದ್ದರೆ ಅಂಗಡಿಗೆ ಕೊಡೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಟಲಿ ಬಿಚ್ಚುವ ಮೊದಲೇ ತೀರ್ಮಾನ ಆಗಬೇಕು.

ಎಲ್ಲ ಕಾಲುಗಳೂ ಮಾಯವಾದ ಮೇಲೆ ಹಿಡಿಕೆ ತೆಗೆದು, ಗುಳಿಯ ಬಾಯಿಗೆ ಇನ್ನೊಂದು ಹನಿ ಹಾಕಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಗುಳ್ಳೆ ಉಳಿಯದಂತೆ ಬೆರಳಿನಿಂದ ಸವರಿ, ಕಾರನ್ನು ಬಿಸಿಲಿಗೆ ತನ್ನಿ. ನಮ್ಮ ಬಿಸಿಲಿಗೆ ಹದಿನೈದು ನಿಮಿಷ ಸಾಕು, ಮೋಡ ಇದ್ದರೆ ಜಾಸ್ತಿ ಹೊತ್ತು ಬಿಡಿ. ಕೊನೆಗೆ ಬ್ಲೇಡನ್ನು ನೆಟ್ಟಗೆ ಹಿಡಿದು ಮೇಲೆ ಉಬ್ಬಿದ್ದನ್ನು ಹೆರೆದರೆ ಮುಗಿಯಿತು.

ಗ್ಯಾರೇಜಿನ ಹತ್ತಿರ ನಿಂತರೆ ಪುಕ್ಕಟೆ ಸಲಹೆ ಕೊಡುವವರೂ ಸಿಗುತ್ತಾರೆ: "ಫೆವಿಕ್ವಿಕ್ ಹಾಕ್ರಿ ಸಾಹೇಬ್ರ, ಏನೂ ಆಗಂಗಿಲ್ಲ." ಹಾಕಬೇಡಿ. ಆ ಅಂಟು ಬೆಳ್ಳಗೆ ಕಲೆ ಬಿಡುತ್ತದೆ, ಗಾಜಿನ ಜೊತೆ ಹಿಗ್ಗಿ ಕುಗ್ಗುವುದಿಲ್ಲ, ಮುಂದೆ ರೆಸಿನ್‌ಗೆ ದಾರಿಯನ್ನೂ ಮುಚ್ಚುತ್ತದೆ. ಉಗುರಿನ ಬಣ್ಣ, ಟೂತ್‌ಪೇಸ್ಟ್ ಬಗ್ಗೆ ಮಾತಾಡುವುದೇ ಬೇಡ.

ಕಸುಬುದಾರರ ಹತ್ತಿರ ಹೋಗುವುದಾದರೆ

ಅವರ ಬಳಿ ಗಾಳಿ ಎಳೆಯುವ ಪಂಪು, ನೇರಳಾತೀತ ದೀಪ, ಬಿಗಿಯಾದ ಸೀಳಿನ ಬಾಯಿ ಬಿಡಿಸುವ ಸಣ್ಣ ಡ್ರಿಲ್ ಇರುತ್ತವೆ. ನಾಲ್ಕಾರು ಕಾಲುಗಳ ಏಟನ್ನು ನಾನಂತೂ ಅವರಿಗೇ ಕೊಡುತ್ತೇನೆ. ಆದರೆ ಗಾಜು ಬದಲಿಸುವವರೆಲ್ಲ ರೆಸಿನ್ ತುಂಬುವುದಿಲ್ಲ. ಹೋಗುವ ಮೊದಲು ಫೋನಿನಲ್ಲೇ ನೇರವಾಗಿ ಕೇಳಿ: "ರೆಸಿನ್ ತುಂಬ್ತೀರೇನ್ರಿ, ಇಲ್ಲಾ ಗಾಜೇ ಬದಲಿ ಮಾಡ್ತೀರಿ?" ಸೀಳು ಕೆಲಸದ ನಡುವೆ ಓಡಿದರೆ ಯಾರ ಜವಾಬ್ದಾರಿ ಎಂದೂ ಮೊದಲೇ ಕೇಳಿಕೊಳ್ಳಿ. ಹಾಗೆ ಓಡುವುದು ಉಂಟು.

ಹೈದರಾಬಾದಿಗೆ ಹೋದಾಗ ಮಾಡಿಸಿದರಾಯಿತು ಅನ್ನುವವರು ನಮ್ಮಲ್ಲಿ ಬಹಳ. ಹುಮನಾಬಾದ್, ಜಹೀರಾಬಾದ್ ದಾಟಿ ಅಷ್ಟು ದೂರ ಹೆದ್ದಾರಿಯ ಗಾಳಿ, ಕುಲುಕಾಟ, ಬಿಸಿಲು ಎಲ್ಲವನ್ನೂ ಆ ಚುಕ್ಕೆ ತಡೆದುಕೊಳ್ಳಬೇಕಲ್ವಾ? ಯಾದಗಿರಿಯವರಿಗೆ ಕಲಬುರಗಿಯೇ ಹತ್ತಿರ. ಟೇಪ್ ಹಚ್ಚಿ, ಬೆಳಗಿನ ತಂಪಿನಲ್ಲಿ ನಿಧಾನವಾಗಿ ಹೊರಡಿ.

ಗಾಜೇ ಬದಲಿಸಬೇಕಾದರೆ

ಇದನ್ನು ಮನೆಯಲ್ಲಿ ಮಾಡುವ ಮಾತೇ ಇಲ್ಲ. ಗಾಜನ್ನು ಯುರೆಥೇನ್ ಅಂಟಿನಿಂದ ಕಾರಿನ ಚೌಕಟ್ಟಿಗೆ ಕೂರಿಸಿರುತ್ತಾರೆ. ಕಾರು ಪಲ್ಟಿಯಾದರೆ ಛಾವಣಿಗೆ ಅದೂ ಒಂದು ಆಸರೆ, ಎಷ್ಟೋ ಕಾರುಗಳಲ್ಲಿ ಎಡಗಡೆ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೂ ಅದಕ್ಕೇ. ಹೊಸ ಗಾಜಿನ ಮೇಲೆ ಐಎಸ್‌ಐ ಗುರುತು ನೋಡಿ. ಅಂಟು ಒಣಗಲು ಅಂಗಡಿಯವರು ಹೇಳಿದಷ್ಟು ಹೊತ್ತು ಕಾರು ತೆಗೆಯಬೇಡಿ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಕಾರಾದರೆ ಅದನ್ನು ಮತ್ತೆ ಹೊಂದಿಸಬೇಕು, ಆ ಖರ್ಚನ್ನೂ ಕೇಳಿಕೊಳ್ಳಿ.

ವಿಮೆಯ ಲೆಕ್ಕ ಸ್ವಲ್ಪ ಗಮನವಿಟ್ಟು ನೋಡಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗಾಜಿಗೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜಿನ ಭಾಗಕ್ಕೆ ಸವಕಳಿ ಕಡಿತ, ಅಂದರೆ ಹಳೆಯದಾಯಿತೆಂದು ಹಣ ಕಡಿಮೆ ಮಾಡುವುದು, ಇಲ್ಲ. 1500 ಸಿಸಿವರೆಗಿನ ಕಾರಿಗೆ ಸಾಮಾನ್ಯವಾಗಿ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ನಮ್ಮ ಕೈಯಿಂದ ಹೋಗುತ್ತದೆ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗಬಹುದು. ವರ್ಷ ವರ್ಷ ಏರಿ ಅದು 50 ಶೇಕಡಾ ಮುಟ್ಟಿದ್ದರೆ, ಸಣ್ಣ ಕಾರಿನ ಗಾಜಿಗೆ ಕೈಯಿಂದ ದುಡ್ಡು ಕೊಡುವುದೇ ಅಗ್ಗ ಆಗಬಹುದು. ಎರಡೂ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ. ಕ್ಲೇಮು ಮಾಡುವುದೇ ಆದರೆ ಹಳೆ ಗಾಜು ಬಿಚ್ಚುವ ಮೊದಲು ವಿಮೆಯವರಿಗೆ ತಿಳಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಹಳೆ ಗಾಜಿನ ಜೊತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತು ಅಂಟಿಸಿದರೆ ಅದು ಕೆಲಸ ಮಾಡುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸಿಕೊಂಡ ಮೇಲೆಯೇ ಟೋಲ್ ಇರುವ ರಸ್ತೆಗೆ ಇಳಿಯಿರಿ.