ಸೆಕೆಂಡ್ ಹ್ಯಾಂಡ್ ಡ್ಯುಯಲ್ ಸ್ಪೋರ್ಟ್ ಬೈಕ್ ಕೊಳ್ಳುವ ಮುನ್ನ ಏನೇನು ನೋಡಬೇಕು

ಡಾಂಬರು ರಸ್ತೆಗೂ ಕಚ್ಚಾ ದಾರಿಗೂ ಒಗ್ಗುವಂತೆ ತಯಾರಾದ ಡ್ಯುಯಲ್ ಸ್ಪೋರ್ಟ್ ಬೈಕುಗಳು ಕರ್ನಾಟಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಸುಲಭವಾಗಿ ಸಿಗುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮತ್ತು ಹೀರೋ ಎಕ್ಸ್‌ಪಲ್ಸ್ 200 ಅವುಗಳಲ್ಲಿ ಮುಖ್ಯವಾದವು. ಮಾಮೂಲಿ ಬೈಕಾದರೆ ಓಡಿದ ಕಿಲೋಮೀಟರ್ ನೋಡಿ ಬೆಲೆ ಕಟ್ಟುವುದು ರೂಢಿ. ಇಂಥ ಬೈಕಿಗೆ ಆ ಒಂದು ಅಳತೆ ಸಾಲದು. ಹೆದ್ದಾರಿಯಲ್ಲಿ 40,000 ಕಿಲೋಮೀಟರ್ ಓಡಿ, ಹೊತ್ತಿಗೆ ಸರಿಯಾಗಿ ಸರ್ವಿಸ್ ಕಂಡ ಬೈಕು, ಮಲೆನಾಡಿನ ತೋಟದ ದಾರಿಗಳಲ್ಲಿ ಕೆಸರು ನೀರಿನಲ್ಲಿ ಮುಳುಗೆದ್ದು 10,000 ಓಡಿದ ಬೈಕಿಗಿಂತ ಗಟ್ಟಿಯಾಗಿರಬಹುದು. ಎಷ್ಟು ಓಡಿದೆ ಎಂಬುದರ ಜೊತೆಗೆ ಎಲ್ಲಿ ಓಡಿದೆ ಎಂಬುದನ್ನು ಬೈಕಿನ ಮೈಯಿಂದಲೇ ಓದಲು ಕಲಿಯಬೇಕು.

ಮೊದಲು ತಯಾರಾದ ವರ್ಷವನ್ನು ಖಚಿತ ಮಾಡಿಕೊಳ್ಳಿ. ಹಿಮಾಲಯನ್ 2016ರಲ್ಲಿ ಕಾರ್ಬ್ಯುರೇಟರ್‌ನೊಂದಿಗೆ ಬಂತು, 2017ರಲ್ಲಿ ಅದರ ಬದಲು ಫ್ಯುಯಲ್ ಇಂಜೆಕ್ಷನ್, 2018ರಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದವು. 2020ರ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಮಾದರಿಯಲ್ಲಿ ಹಿಂದಿನ ಚಕ್ರದ ಎಬಿಎಸ್ ಅನ್ನು ಆಫ್ ಮಾಡುವ ಸೌಲಭ್ಯ ಸಿಕ್ಕಿತು. ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ, ಅದರ ನಾಲ್ಕು ವಾಲ್ವ್‌ಗಳ ಮಾದರಿ 2021ರಲ್ಲಿ. ಬೆಲೆ ಹೆಚ್ಚು ಕಡಿಮೆಯಾಗುವುದಕ್ಕೆ ಈ ವ್ಯತ್ಯಾಸಗಳೂ ಕಾರಣ. ನನ್ನ ಮಟ್ಟಿಗೆ, ತೀರಾ ಮೊದಲ ವರ್ಷದ ಮಾದರಿಗಿಂತ ನಂತರದ ಮಾದರಿಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಬೈಕ್ ನೋಡಲು ಬೆಳಿಗ್ಗೆ ಹೋಗುವುದು ಉತ್ತಮ. ತಾವು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ಮೊದಲೇ ಹೇಳಿಡಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ನಿಜವಾದ ಸ್ಟಾರ್ಟಿಂಗ್, ಟ್ಯಾಪೆಟ್ (ವಾಲ್ವ್‌ಗಳ ಬಳಿಯ ಭಾಗ) ಸದ್ದು, ಸೈಲೆನ್ಸರಿನ ಹೊಗೆ ಗೊತ್ತಾಗುತ್ತವೆ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಕಪ್ಪಾಗಿದ್ದರೆ ಬದಲಾಯಿಸಿದರೆ ಮುಗಿಯಿತು, ಆದರೆ ಹಾಲು ಬೆರೆತ ಕಾಫಿಯಂತೆ ಮಾಸಲಾಗಿದ್ದರೆ ಒಳಗೆ ನೀರು ಹೋಗಿದೆ, ಹಳ್ಳ ದಾಟುವಾಗ ಎಂಜಿನ್ ಮುಳುಗಿರುವ ಸಾಧ್ಯತೆ ಇದೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ಕೊಡಬೇಕಾದದ್ದು ಏರ್ ಫಿಲ್ಟರ್ ಬಾಕ್ಸಿಗೆ, ಅದನ್ನು ತೆರೆದು ನೋಡುವವರು ಮಾತ್ರ ಬಹಳ ಕಡಿಮೆ. ಮಾಲೀಕರ ಒಪ್ಪಿಗೆ ಪಡೆದು ಬಾಕ್ಸ್ ಬಿಚ್ಚಿಸಿ, ಫಿಲ್ಟರ್ ಹೊರಗೆ ತೆಗೆದು, ಎಂಜಿನ್ ಕಡೆಗೆ ಗಾಳಿ ಹೋಗುವ ಭಾಗದೊಳಗೆ ಬೆರಳಾಡಿಸಿ. ಫಿಲ್ಟರ್‌ನ ಹೊರಮೈಯಲ್ಲಿ ಧೂಳಿರುವುದು ಸಹಜ. ಒಳಭಾಗದಲ್ಲಿ ಬೆರಳಿಗೆ ಕೆಂಧೂಳು ಅಂಟಿತೆಂದರೆ ಅದು ಪಿಸ್ಟನ್ ಮತ್ತು ಸಿಲಿಂಡರ್‌ವರೆಗೂ ತಲುಪಿ ಉಜ್ಜಿರುತ್ತದೆ. ಹೊರಗೆ ಎಷ್ಟೇ ಪಾಲಿಶ್ ಮಾಡಿದ್ದರೂ ಅಂಥ ಬೈಕನ್ನು ಬಿಟ್ಟುಬಿಡಿ.

ಮುಂಭಾಗಕ್ಕೂ ಇಷ್ಟೇ ತಾಳ್ಮೆ ಬೇಕು. ಮುಂದಿನ ಚಕ್ರ ನೆಲದಿಂದ ಮೇಲೇಳುವಂತೆ ಬೈಕನ್ನು ನಿಲ್ಲಿಸಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ನೇರಕ್ಕೆ ಬಂದಾಗ ಕಚ್ಚಿಕೊಂಡಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್‌ಗಳು) ಸವೆದಿದೆ. ಹಿಮಾಲಯನ್‌ನಲ್ಲಿ ಇದು ಮೇಲಿಂದ ಮೇಲೆ ಕೇಳಿಬರುವ ದೂರು. ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್) ಎರಡೂ ಕಾಲುಗಳನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೂ ಅದೇ ಅನುಮಾನ. ಬಳಿಕ ಫೋರ್ಕ್ ಪೈಪಿನ ಮೇಲೆ ಉಗುರು ಎಳೆಯಿರಿ. ಕಲ್ಲು ಸಿಡಿದು ಸಣ್ಣ ಗುಳಿ ಬಿದ್ದಿದ್ದರೆ ಎಷ್ಟು ಸಲ ಹೊಸ ಆಯಿಲ್ ಸೀಲ್ ಹಾಕಿದರೂ ಆ ಗುಳಿಯ ಅಂಚು ಅದನ್ನು ಕೊಯ್ಯುತ್ತಲೇ ಇರುತ್ತದೆ, ಕೊನೆಗೆ ಪೈಪನ್ನೇ ಬದಲಿಸಬೇಕಾಗುತ್ತದೆ.

ಸ್ಪೋಕ್ ಚಕ್ರಗಳನ್ನು ಕಿವಿಯಿಂದ ಪರೀಕ್ಷಿಸಬಹುದು. ಸಣ್ಣ ಸ್ಪ್ಯಾನರಿನಿಂದ ಒಂದೊಂದು ಸ್ಪೋಕನ್ನೂ ತಟ್ಟುತ್ತಾ ಹೋದರೆ ಬಿಗಿಯಾದವು ಟಿಣ್ ಎನ್ನುತ್ತವೆ, ಸಡಿಲವಾದವುಗಳ ಸದ್ದು ಸತ್ತಿರುತ್ತದೆ. ಚಕ್ರ ತಿರುಗಿಸಿ ರಿಮ್ ಅಡ್ಡಾಡುತ್ತದೆಯೇ, ಅಂಚು ನೆಗ್ಗಿದೆಯೇ ನೋಡಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕೆಗಳು ಅದು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಚೈನ್ ಸ್ಪ್ರಾಕೆಟ್‌ನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಹೊಸ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಲಿವರ್ ತುದಿ, ಫುಟ್ ರೆಸ್ಟ್, ಕ್ರ್ಯಾಶ್ ಗಾರ್ಡ್‌ಗಳ ಮೇಲಿನ ಗೀರುಗಳಿಗೆ ಹೆದರಬೇಕಿಲ್ಲ. ಕಚ್ಚಾ ದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಬೈಕು ಪಕ್ಕಕ್ಕೆ ಬೀಳುವುದು ಇದ್ದದ್ದೇ. ಚಿಂತಿಸಬೇಕಾದದ್ದು ಚಾಸಿಯ, ಅಂದರೆ ಬೈಕಿನ ಮೂಲ ಚೌಕಟ್ಟಿನ ಬಗ್ಗೆ. ನೆಲಕ್ಕೆ ಕೂತು, ಟಾರ್ಚ್ ಹಿಡಿದು, ಎಂಜಿನ್ ಕೆಳಗೆ ಕಲ್ಲೇಟು ತಡೆಯುವ ಬ್ಯಾಶ್ ಪ್ಲೇಟ್ ಎಷ್ಟು ಒಳಗೆ ನೆಗ್ಗಿದೆ, ಅದರ ಹಿಂದೆ ಆಯಿಲ್ ಜಿನುಗಿದೆಯೇ, ಹ್ಯಾಂಡಲ್ ಕೂರುವ ಕತ್ತಿನ ಬಳಿ ವೆಲ್ಡಿಂಗ್ ಸುತ್ತ ಪೇಂಟ್ ಸೀಳಿದೆಯೇ, ಎಲ್ಲಾದರೂ ಹೊಸದಾಗಿ ಪೇಂಟ್ ಬಳಿದಿದ್ದಾರೆಯೇ ಎಂದು ನೋಡಿ. ಕರಾವಳಿಯಲ್ಲಿದ್ದ ಬೈಕಾದರೆ ಸ್ಪೋಕ್ ನಿಪ್ಪಲ್, ಬೋಲ್ಟ್, ಸೈಲೆನ್ಸರ್ ಬೆಂಡುಗಳ ತುಕ್ಕನ್ನೂ ಗಮನಿಸಬೇಕು. ಹೆಚ್ಚುವರಿ ಲೈಟುಗಳನ್ನು ಹಾಕಿಸಿದ್ದರೆ ಅವುಗಳ ವೈರಿಂಗ್ ರಿಲೇ (ಹೆಚ್ಚಿನ ಕರೆಂಟನ್ನು ಪ್ರತ್ಯೇಕವಾಗಿ ಹಾಯಿಸುವ ಸ್ವಿಚ್) ಮೂಲಕ ಬಂದಿದೆಯೇ, ಬರೀ ಟೇಪ್ ಸುತ್ತಿ ಜೋಡಿಸಿದ್ದಾರೆಯೇ ಎಂದು ಸೀಟು ತೆಗೆಸಿ ನೋಡಿ. ಸೈಲೆನ್ಸರ್ ಬದಲಾಗಿದ್ದರೆ ಕಂಪನಿಯದ್ದನ್ನು ಕೇಳಿ ಪಡೆಯಿರಿ.

ಓಡಿಸಿ ನೋಡುವಾಗ ನೇರವಾದ ಖಾಲಿ ರಸ್ತೆಯಲ್ಲಿ ಬೈಕು ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ. ಎಳೆದರೆ ಫೋರ್ಕ್ ಅಥವಾ ಚಾಸಿ ಬಾಗಿರಬಹುದು. ಗುಂಡಿಯಲ್ಲಿ ಇಳಿಸಿದಾಗ ಹಿಂದಿನ ಮೊನೊಶಾಕ್ (ಒಂಟಿ ಶಾಕ್ ಅಬ್ಸಾರ್ಬರ್) ಒಂದೇ ಸಲಕ್ಕೆ ನಿಲ್ಲದೆ ಕುಪ್ಪಳಿಸುತ್ತಿದ್ದರೆ ಅದು ಸೋತಿದೆ.

ದಾಖಲೆಗಳ ವಿಷಯದಲ್ಲಿ ಸಂಕೋಚ ಬೇಡ. ಚಾಸಿ ನಂಬರ್ ಮತ್ತು ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ಸ್ವತಃ ಹೋಲಿಸಿ, ಬಾಕಿ ದಂಡಗಳನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಿ. ಸಾಲದ ಮೇಲೆ ಕೊಂಡ ಬೈಕಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ನೋಂದಣಿಯ ಬೈಕು ಅಗ್ಗವಾಗಿ ಕಾಣಬಹುದು, ಆದರೆ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ. ಆ ರಾಜ್ಯದ ಆರ್‌ಟಿಒ ಕೊಡುವ ಎನ್‌ಒಸಿ ಮತ್ತು ಇಲ್ಲಿನ ಜೀವಾವಧಿ ತೆರಿಗೆಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾದ ಮೇಲೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ, ಮಾಲೀಕತ್ವದ ವರ್ಗಾವಣೆಗೆ 30 ದಿನಗಳೊಳಗೆ ಅರ್ಜಿ ಹಾಕಿ.