ಸದ್ದಿಗಲ್ಲ, ಘಾಟಿಗೆ: ಹಿಮಾಲಯನ್‌ಗೆ ನಾನು ಸೈಲೆನ್ಸರ್ ಆರಿಸಿದ್ದು ಹೀಗೆ

ಪೂರ್ತಿ ಒಂದು ಮಳೆಗಾಲ ಕಳೆಯಿತು. ಸೈಲೆನ್ಸರ್‌ಗೆ ತುಕ್ಕು ಬಂದಿಲ್ಲ, ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟಾಗ ಪಟಾಕಿಯ ಹಾಗೆ ಸಿಡಿಯೋದೂ ಹೆಚ್ಚೂಕಮ್ಮಿ ನಿಂತಿದೆ. ಎರಡೂ ಪ್ಯಾನಿಯರ್ (ಪಕ್ಕದ ಬ್ಯಾಗ್) ತುಂಬಿಸಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಹತ್ತಿದರೂ ಗಾಡಿ ಏದುಸಿರು ಬಿಡಲ್ಲ. ಸೈಲೆನ್ಸರ್ ಬದಲಿಸಿ ಘಾಟಿಗೆ ಒಗ್ಗಿಸೋದು ಆಗೋ ಕೆಲಸ ಅಲ್ಲ ಅಂದವರು ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್4, ಅಂದರೆ ಹಳೆಯ ಹೊಗೆ ನಿಯಮದ್ದು. 24 ಚಿಲ್ಲರೆ ಬಿಎಚ್‌ಪಿ, 32 ನ್ಯೂಟನ್ ಮೀಟರ್ ಟಾರ್ಕ್, ಖಾಲಿ ಗಾಡಿಯೇ ಎರಡು ಕ್ವಿಂಟಲ್ ಹತ್ತಿರ. ಅದರ ಮೇಲೆ ನಾನು ಹಾಕಿಸಿದ ಕ್ರ್ಯಾಶ್ ಗಾರ್ಡ್, ಪ್ಯಾನಿಯರ್ ಸ್ಟೇ, ಟಾಪ್ ರ‍್ಯಾಕ್, ಫಾಗ್ ಲೈಟ್. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಇಂಜಿನ್ ತಿರುಗೋದು ನಿಮಿಷಕ್ಕೆ ಹೆಚ್ಚೂಕಮ್ಮಿ ಎರಡೂವರೆಯಿಂದ ಮೂರೂವರೆ ಸಾವಿರ ಸುತ್ತಿನ ನಡುವೆ. ಪುಲ್ಲಿಂಗ್ ಬೇಕಾಗಿರೋದು ಅಲ್ಲಿ. ಆರು ಸಾವಿರದಲ್ಲಿ ಎಷ್ಟು ಪವರ್ ಬಂದರೂ ನನಗೆ ಉಪಯೋಗ ಇಲ್ಲ.

ಮೊದಲು ಹಾಕಿಸಿದ್ದು ಗಿಡ್ಡ ಫ್ರೀ ಫ್ಲೋ. ಮೂರೂವರೆ ಸಾವಿರ ರೂಪಾಯಿ. ಎರಡು ಇಂಚು ಅಗಲದ ಬಾಯಿ, ಒಳಗೆ ತಡೆಯೇ ಇಲ್ಲ. ಪೇಟೆಯೊಳಗೆ ಬಹಳ ಜೋರು ಅನ್ನಿಸಿತು, ಹುಲಿಕಲ್ ಘಾಟಿಯಲ್ಲಿ ಬಣ್ಣ ಬಯಲಾಯಿತು. ಮೂರು ಸಾವಿರದ ಕೆಳಗೆ ಗಾಡಿ ಸತ್ತ ಹಾಗೆ. ಪೈಪ್ ಅಗಲ ಆದಷ್ಟೂ ಹೊಗೆಯ ವೇಗ ಕಡಿಮೆ, ಸಿಲಿಂಡರ್ ಸರಿಯಾಗಿ ಖಾಲಿಯಾಗಲ್ಲ. ಎರಡನೇ ಗೇರಲ್ಲಿ ಹೋಗೋ ತಿರುವಿಗೆಲ್ಲ ಒಂದನೇ ಗೇರ್ ಹುಡುಕಬೇಕಾಯಿತು. ಅದರ ಬಿಸಿ ಗಾಳಿ ನೇರ ಬಲಗಡೆ ಬ್ಯಾಗ್‌ಗೆ ಬಡಿದು ತಳ ಕರಗಿತು, ಒಳಗಿದ್ದ ರೇನ್‌ಕೋಟ್‌ಗೂ ತೂತು. ಮಳೆಗಾಲ ಮುಗಿಯೋದರೊಳಗೆ ವೆಲ್ಡಿಂಗ್ ಗೆರೆಯುದ್ದಕ್ಕೂ ಕೆಂಪು ತುಕ್ಕು.

ಆಮೇಲೆ ಬೆಂಡ್ ಪೈಪ್ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಬರೋ ಬಾಗಿದ ಪೈಪ್) ಸಮೇತ ಪೂರ್ತಿ ಸ್ಟೀಲ್ ಸೆಟ್. ಹನ್ನೆರಡು ಸಾವಿರದ ಆಸುಪಾಸು. ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲ. ಆಕ್ಸಿಜನ್ ಸೆನ್ಸರ್ ಕೂರೋ ಜಾಗವೇ ಬೇರೆ ಕಡೆ, ಹಾಗಾಗಿ ಮೀಟರ್‌ನಲ್ಲಿ ಇಂಜಿನ್ ಲೈಟ್ ಆರಲೇ ಇಲ್ಲ. ಮೈಲೇಜ್ ಮೂವತ್ತರಿಂದ ಇಪ್ಪತ್ತೈದಕ್ಕೆ ಇಳಿಯಿತು. ಎಮಿಷನ್ ಟೆಸ್ಟ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಮೇಲೆ ಹೋಯಿತು. ಪೆಟ್ರೋಲ್ ಪ್ರಮಾಣ ಹೊಂದಿಸೋ ಫ್ಯೂಯೆಲ್ ಕಂಟ್ರೋಲರ್ ಹಾಕಿದರೆ ಸರಿಹೋಗುತ್ತೆ ಅಂದರು. ಅದಕ್ಕೆ ಇನ್ನೊಂದು ಹದಿನೈದು ಸಾವಿರ! ಬಿಚ್ಚಿ ಅರ್ಧ ಬೆಲೆಗೆ ಕೊಟ್ಟೆ.

ಅಲ್ಲಿಂದ ನನ್ನ ದಾರಿ ಬೇರೆ. ಬೆಂಡ್ ಪೈಪ್, ಸೆನ್ಸರ್, ಕ್ಯಾಟ್‌ಕಾನ್ ಯಾವುದನ್ನೂ ಮುಟ್ಟಬಾರದು. ಹಿಂದಿನ ಡಬ್ಬಿ, ಅಂದರೆ ಸೈಲೆನ್ಸರ್ ಮಾತ್ರ ಬದಲಿಸಬೇಕು. ಉದ್ದ ಕಂಪನಿಯದಕ್ಕಿಂತ ತುಂಬಾ ಕಡಿಮೆ ಇರಬಾರದು, ಒಳಗಿನ ತೂತಿನ ಕೊಳವೆ ಬೆಂಡ್ ಪೈಪ್‌ನ ಬಾಯಿಗಿಂತ ಅಗಲ ಇರಬಾರದು, ಮುಚ್ಚಳ ಬಿಚ್ಚೋ ಹಾಗಿರಬೇಕು. ಬೆಂಗಳೂರಿನ ಜೆಸಿ ರೋಡ್‌ಗೆ ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋದೆ. ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲ್ ಅಂತ ಕೊಡೋದರಲ್ಲಿ ಎಷ್ಟೋ ಗಟ್ಟಿಯಾಗಿ ಅಂಟುತ್ತವೆ. ನಿಜವಾದ 304 ಅಂಟಲ್ಲ, ಬೆಸುಗೆ ಮತ್ತು ಮಡಿಕೆ ಇರೋ ಕಡೆ ಮಾತ್ರ ಸ್ವಲ್ಪ ಎಳೆಯುತ್ತೆ. ಆರು ಸಾವಿರಕ್ಕೆ ಡಬ್ಬಿ ಸಿಕ್ಕಿತು. ತೂಕ ಕಂಪನಿಯದರ ಅರ್ಧದಷ್ಟು ಇರಬಹುದು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಲೇತ್ ಕೆಲಸಕ್ಕೆ ಕೊಟ್ಟಾಗ ಅಲ್ಲಿದ್ದ ಹುಡುಗ, "ಅಣ್ಣಾ, ಸೌಂಡೇ ಬರಲ್ಲ ಅಂದ್ರೆ ಯಾಕೆ ಚೇಂಜ್ ಮಾಡ್ಸೋದು?" ಅಂದ. ನಾನು ಕೇಳಿದ್ದು ಡಿಬಿ ಕಿಲ್ಲರ್, ಅಂದರೆ ಸದ್ದು ತಗ್ಗಿಸಲು ಸೈಲೆನ್ಸರ್ ಬಾಯಿಗೆ ತೂರಿಸೋ ಕೊಳವೆ, ಬೇರೆ ಬೇರೆ ಅಳತೆಯವು. 22 ಮಿಲಿಮೀಟರ್‌ದು ಹಾಕಿದರೆ ಮೌನ, ಆದರೆ ಹೈವೇಯಲ್ಲಿ ಎಂಬತ್ತು ದಾಟಿದರೆ ಕಟ್ಟಿ ಹಿಡಿದ ಹಾಗೆ. 30ಕ್ಕೆ ಬಂದರೆ ಮತ್ತೆ ಅದೇ ಗಲಾಟೆ. ನಡುವಿನ ಒಂದು ಅಳತೆಯಲ್ಲಿ ಎರಡೂ ಕೂಡಿ ಬಂತು. ಅದು ಎಷ್ಟು ಅಂತ ಹೇಳಲ್ಲ. ಲೇತ್‌ಗೆ ಸುರಿದ ದುಡ್ಡು ನನ್ನದು, ಅಲ್ವಾ?

ಪಟಾಕಿ ವಿಷಯಕ್ಕೆ ಬರ್ತೀನಿ. ಎಲ್ಲರೂ ಮಿಕ್ಸ್ಚರ್ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತಾರೆ. ನನ್ನ ಗಾಡಿಯಲ್ಲಿ ಬೆಂಡ್ ಪೈಪ್‌ಗೆ ಡಬ್ಬಿ ಸೇರೋ ಜಾಯಿಂಟ್‌ನಿಂದ ಗಾಳಿ ಒಳಗೆ ಹೋಗುತ್ತಿತ್ತು. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಅರೆಕ್ಷಣ ಒತ್ತಿ ನೋಡಿ. ನನ್ನದರಲ್ಲಿ ಕ್ಲಾಂಪ್‌ನ ಸೀಳಿನ ಹತ್ತಿರವೇ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಅಗಲದ ಬ್ಯಾಂಡ್ ಕ್ಲಾಂಪ್ ಮತ್ತು ಸೈಲೆನ್ಸರ್ ಪೇಸ್ಟ್, ಎರಡೂ ಸೇರಿ ಐನೂರು ರೂಪಾಯಿ ಒಳಗೆ. ಪಟಾಕಿ ಮುಕ್ಕಾಲು ಪಾಲು ಅಲ್ಲೇ ನಿಂತಿತು.

ನಡುವೆ ಬೆಂಡ್ ಪೈಪ್‌ಗೆ ಬಿಸಿ ತಡೆಯೋ ಪಟ್ಟಿ ಸುತ್ತಿಯೂ ನೋಡಿದೆ. ಬೇಸಿಗೆಯಲ್ಲಿ ಕಾಲಿಗೆ ಹಾಯೆನಿಸಿತು. ಮಳೆ ಶುರುವಾದ ಮೇಲೆ ಪಟ್ಟಿ ನೀರು ಕುಡಿದು ಒಣಗಲೇ ಇಲ್ಲ. ಬಿಚ್ಚಿದರೆ ಅಡಿಯಲ್ಲಿ ಪೈಪ್ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಬಯಲುಸೀಮೆಯವರು ಬೇಕಾದರೆ ಸುತ್ತಿಕೊಳ್ಳಲಿ, ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಬೇಡ. ಬ್ಯಾಗ್ ಉಳಿಸಲು ಅದರ ಬದಲು ಅಲ್ಯೂಮಿನಿಯಂ ತಗಡನ್ನು ಎರಡು ಹೋಸ್ ಕ್ಲಾಂಪ್‌ನಲ್ಲಿ ಕಟ್ಟಿದೆ. ವಾಷರ್ ಕೊಟ್ಟು ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದೇನೆ. ಈಗ ಬ್ಯಾಗ್ ಮುಟ್ಟಿದರೆ ಉಗುರುಬೆಚ್ಚಗೆ ಅಷ್ಟೇ. ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ 3 ಮಿಲಿಮೀಟರ್ ತೂತು ಹೊಡೆಸಿದ್ದೂ ನೀರು ನಿಲ್ಲದಿರಲಿ ಅಂತ.

ಸದ್ದಿನ ಲೆಕ್ಕವೂ ಬೇಕು. 175 ಸಿಸಿ ಮೇಲಿನ ಬೈಕ್‌ಗೆ ನಿಯಮದಲ್ಲಿರೋದು 80 ಡೆಸಿಬೆಲ್, ಅದು ಓಡುವ ಗಾಡಿಯಿಂದ ಏಳೂವರೆ ಮೀಟರ್ ದೂರದಲ್ಲಿ ಅಳೆಯೋದು. ನಾನು ಫೋನ್ ಆ್ಯಪ್‌ನಲ್ಲಿ, ಬಾಯಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿ ಅಳೆದೆ. ಹೋಲಿಸಿ ನೋಡಲು ಅಷ್ಟು ಸಾಕು. ಕಂಪನಿಯದು 85ರ ಹತ್ತಿರ, ಗಿಡ್ಡ ಪೈಪ್ ನೂರು ದಾಟಿತ್ತು, ಈಗಿನದು 87, 88. ಡಬ್ಬಿ ಬದಲಿಸಿದರೆ ಪೊಲೀಸರು ಹಿಡಿಯಬಹುದು. ಸದ್ದಿನ ಕೇಸಿಗೆ 2019ರ ತಿದ್ದುಪಡಿಯ ನಂತರ ಹತ್ತು ಸಾವಿರದವರೆಗೂ ದಂಡ ಇದೆ. ನಮ್ಮೂರಿನ ಆಸ್ಪತ್ರೆ, ಶಾಲೆ ಮುಂದೆ ಗುಡುಗಿಸಿಕೊಂಡು ಹೋಗೋರನ್ನು ನಾನಂತೂ ನಮ್ಮ ಗುಂಪಿನ ರೈಡ್‌ಗೆ ಸೇರಿಸಲ್ಲ.

ಇನ್ನು ಗ್ಲಾಸ್ ವೂಲ್, ಸದ್ದು ಹೀರಲು ಡಬ್ಬಿಯೊಳಗೆ ತುಂಬೋ ಗಾಜಿನ ನಾರು. ಮೊದಲ ಸಲ ರಿವೆಟ್ ಕೊರೆದು ಮುಚ್ಚಳ ತೆಗೆದಾಗ ಹೊಗೆ ಒಳಬರೋ ಕಡೆಯದೆಲ್ಲ ಬೂದಿ ಬಣ್ಣದ ಪುಡಿ, ಅರ್ಧಕ್ಕರ್ಧ ಹಾರಿಹೋಗಿತ್ತು. ಇನ್ನೊಂದು ತುದಿಯಲ್ಲಿ ಇನ್ನೂ ಬೆಳ್ಳಗೆ. ಹಾಗಾಗಿ ಕೊಳವೆಗೆ ಮೊದಲು ಸ್ಟೀಲ್ ವೂಲ್ ಒಂದು ಪದರ, ಅದರ ಮೇಲೆ ಗ್ಲಾಸ್ ವೂಲ್. ಎಷ್ಟು ಬಿಗಿ ಸುತ್ತಬೇಕು ಅನ್ನೋದು ಕೈಯಲ್ಲೇ ಬರಬೇಕು. ಮಾಸ್ಕ್, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಎರಡು ದಿನ ತುರಿಕೆ ಬಿಡಲ್ಲ.

ಒಟ್ಟು ಖರ್ಚು ಇಪ್ಪತ್ತು ಸಾವಿರದ ಮೇಲೆ ಆಗಿದೆ, ಉಳಿದುಕೊಂಡ ಸೆಟ್‌ಗೆ ಹೋಗಿದ್ದು ಒಂಬತ್ತು ಸಾವಿರ ಚಿಲ್ಲರೆ. ರಿವೆಟ್ ಜಾಗದಲ್ಲಿ ಈಗ ಅಲೆನ್ ಬೋಲ್ಟ್ ಇದೆ, ದೀಪಾವಳಿ ಹೊತ್ತಿಗೆ ಬಿಚ್ಚಿ ವೂಲ್ ಬದಲಿಸಿದರೆ ಆಯಿತು. ಕಂಪನಿ ಸೈಲೆನ್ಸರ್ ಮಾತ್ರ ಮಾರಬೇಡಿ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.