ಚಾಕು ತೋರಿಸದೆ ತ್ಸಾಫೆಂದಾಸ್ ಆಡಿದ್ದು

ದಿಮಿತ್ರಿ ತ್ಸಾಫೆಂದಾಸ್ ಬಗ್ಗೆ ಏಕವ್ಯಕ್ತಿ ನಾಟಕ ಮಾಡುತ್ತೇನೆ ಅಂದಾಗ ತಂಡದವರೇ ನಕ್ಕರು. ಮಂಡೇಲಾ ಆದರೆ ಜನ ಬರ್ತಾರೆ, ಇವನ್ಯಾರಯ್ಯ? 1966ರ ಸೆಪ್ಟೆಂಬರ್ 6ರಂದು ಕೇಪ್‌ಟೌನ್‌ನಲ್ಲಿ, ಸಂಸತ್ತಿನ ಒಳಗೇ, ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಪ್ರಧಾನಿ ವೆರ್ವೋರ್ಡ್‌ನನ್ನು ಇರಿದು ಕೊಂದ ಜವಾನ ಅಂದರೂ ಯಾರೂ ಜಗ್ಗಲಿಲ್ಲ. ಮೊನ್ನೆ ಮೈಸೂರಿನ ಶೋನಲ್ಲಿ ಜನ ಗೋಡೆಗೊರಗಿ ನಿಂತು ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ಜಡ್ಜು, ಡಾಕ್ಟರು, ಪೊಲೀಸು ಎಲ್ಲಾ ನಾನೇ. ಟೋಪಿ ಬದಲಾಯಿಸುವುದರಲ್ಲೇ ಅರ್ಧ ನಾಟಕ ಮುಗಿಯುತ್ತಿತ್ತು. ಹೊಟ್ಟೆಯಲ್ಲಿ ಲಾಡಿಹುಳು ಇದೆ ಅಂತ ಅವನು ಹೇಳುತ್ತಿದ್ದನಲ್ಲ, ಅದಕ್ಕೊಂದು ಬಟ್ಟೆಯ ಹುಳು ಹೊಲಿಸಿದೆ. ಮೂರು ಸಾವಿರದ ಹತ್ತಿರ ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ನ್ಯಾಯಮೂರ್ತಿ ಬೇಯರ್ಸ್ ಅವನನ್ನು ಹುಚ್ಚ ಅಂದು ವಿಚಾರಣೆ ಮುಗಿಸಿದಂತೆ ಪ್ರೇಕ್ಷಕರೂ ಮುಗಿಸಿಬಿಟ್ಟರು. ಯಾಕೆ ಕೊಂದ ಅನ್ನುವುದು ಯಾರಿಗೂ ಬೇಕಾಗಲಿಲ್ಲ.

ಕೈ ಹಿಡಿದದ್ದು ಜವಾನನ ಕೆಲಸ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಡುತ್ತೇನೆ, ಅದೇ ಪ್ರಧಾನಿ. ಟ್ರೇ ಹಿಡಿದು ಚೀಟಿ ಕೊಡುತ್ತೇನೆ, ನೀರಿಡುತ್ತೇನೆ, ಬಗ್ಗಿ ಸಲಾಂ ಹೊಡೆಯುತ್ತೇನೆ. ಪಕ್ಕದಲ್ಲಿ ಕೂತವರು ಮೆಲ್ಲಗೆ ಸರಿದು ಕೂರುತ್ತಾರೆ! ಸಭೆಯ ಗಂಟೆ ಬಾರಿಸುತ್ತದೆ, ಇನ್ನೊಮ್ಮೆ ಬಗ್ಗುತ್ತೇನೆ, ಲೈಟ್ ಆಫ್. ಚಾಕು ಎಲ್ಲೂ ಇಲ್ಲ. ಇಷ್ಟು ಸುಲಭಕ್ಕೆ ಇದು ಬೇರೆ ಯಾರಿಗೂ ಹೊಳೆದಿರಲಿಲ್ಲ ಅಂತ ಸ್ವಲ್ಪ ಜಂಬವೂ ಇದೆ.

ಅವನ ಅಪ್ಪ ಗ್ರೀಕ್, ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಗ್ರೀಕ್, ಪೋರ್ಚುಗೀಸ್ ಮಾತು ಸೇರಿಸಿ ನೋಡಿದೆ. ಸುಮ್ನೆ ನಾಲಿಗೆ ನೋವು, ಬಿಟ್ಟೆ.

ಖರ್ಚಿನಲ್ಲಿ ಬಾಡಿಗೆ ಲೈಟೇ ಜಾಸ್ತಿ ತಿನ್ನುತ್ತಿತ್ತು. ಈಗ ಎರಡು ಪಾರ್ ಲೈಟು, ಒಂದು ಸ್ಪಾಟ್ ಲೈಟು ಅಷ್ಟೇ. ಹಾಲ್ ಸೇರಿ ಏಳೆಂಟು ಸಾವಿರದಲ್ಲಿ ಶೋ ಆಗುತ್ತದೆ. ಬಾಗಿಲಲ್ಲಿ ಡಬ್ಬಿ ಇಟ್ಟರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಪ್ರಿಟೋರಿಯಾ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಗಲ್ಲುಮನೆಯ ಪಕ್ಕದ ಸೆಲ್‌ನಲ್ಲಿಟ್ಟಿದ್ದರು. ನೇಣು ಹಾಕುವಾಗ ಕಾಲಡಿಯ ಹಲಗೆ ಬೀಳುವ ಸದ್ದನ್ನು ಸ್ಪೀಕರ್‌ನಲ್ಲಿ ಹಾಕಿದರೆ ಸಿನಿಮಾ ಬಾಗಿಲು ಬಡಿದಂತೆ ಕೇಳಿಸುತ್ತಿತ್ತು. ಈಗ ನಿಜವಾದ ಮರ. ಯಾವ ಮರ, ಎಲ್ಲಿಡುತ್ತೇನೆ ಅಂತ ಮಾತ್ರ ಕೇಳಬೇಡಿ.

ಕೊನೆಯ ಭಾಗ ಇನ್ನೂ ಎಳೆಯುತ್ತಿದೆ. 1994ರಲ್ಲಿ ಸರ್ಕಾರ ಬದಲಾದರೂ ಅವನಿಗೆ ಬಿಡುಗಡೆ ಸಿಗಲಿಲ್ಲ, ಜೈಲಿನಿಂದ ಮಾನಸಿಕ ಆಸ್ಪತ್ರೆಗೆ ಹಾಕಿದರು ಅಷ್ಟೇ, 1999ರಲ್ಲಿ ಅಲ್ಲೇ ಸತ್ತ. ಅದಕ್ಕೆ ಹತ್ತು ನಿಮಿಷ ಇಟ್ಟಿದ್ದೆ, ನಾಲ್ಕಕ್ಕೆ ಇಳಿಸಿದ್ದೇನೆ. ಶಿವಮೊಗ್ಗದಲ್ಲಿ ಎರಡೇ ನಿಮಿಷ ಮಾಡಿ ನೋಡಬೇಕು.